ಭೋಜನಶಾಲೆಯಲ್ಲಿ ಒಂದು ವಾದ್ಯಗೋಷ್ಠಿ

ಸಕಲೇಶಪುರದ ಘಟ್ಟದ ಮೇಲೆ ಹುಟ್ಟಿ, ಆಲೂರು ಸೀಮೆಯ ಶಾಲೆಗಳಲ್ಲಿ 34 ವರ್ಷ ಕನ್ನಡವನ್ನೂ ಸಂಸ್ಕೃತವನ್ನೂ ಪಾಠ ಹೇಳಿ ನಿವೃತ್ತನಾದ ನನ್ನಂಥವನು ಜಾಝ್ ಎಂಬ ಪಾಶ್ಚಾತ್ಯ ಸಂಗೀತವನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ವಾಚಕರು ನಕ್ಕರೆ ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ತೀರ್ಥರೂಪರು ಬಾಲ್ಯದಲ್ಲಿ ಕಾಫಿ ತೋಟದ ದೊರೆಯೊಬ್ಬನ ಬಂಗಲೆಯ ಬೇಲಿಯ ಹೊರಗೆ ನಿಂತು, ಒಳಗಿನ ಗ್ರಾಮಫೋನಿನಿಂದ ಬರುತ್ತಿದ್ದ ಕುಣಿತದ ವಾದ್ಯವನ್ನು ಕೇಳಿದ್ದರಂತೆ. “ಅಟ್ಟದ ಮೇಲಿನ ತಪ್ಪಲೆಗಳೆಲ್ಲ ಒಟ್ಟಿಗೆ ಉರುಳಿದಂತಿತ್ತು” ಎಂದು ಹೇಳುತ್ತಿದ್ದರು. ಆ ವಿಷಯದಲ್ಲಿ ನನ್ನ ಜ್ಞಾನವೂ ಆ ಬೇಲಿಯ ಹೊರಗೇ ನಿಂತಿತ್ತು.

ಕಳೆದ ಮಾರ್ಗಶಿರದಲ್ಲಿ, ತೋಟಗಳಲ್ಲಿ ಹಣ್ಣು ಕೊಯ್ಲು ನಡೆಯುತ್ತಿದ್ದ ದಿನಗಳಲ್ಲಿ, ಕಿರಿಯ ಮಗಳ ವಿವಾಹದ ವಿಚಾರವಾಗಿ ಮಾತನಾಡುವುದಕ್ಕೆಂದು ಬೆಂಗಳೂರಿನಲ್ಲಿರುವ ಹಿರಿಯ ಮಗಳ ಮನೆಗೆ ಹೋದೆ. ಒಂದು ಸಂಜೆ ಅಳಿಯಂದಿರು, “ಮಾವ, ಇಂದು ರಾತ್ರಿ ಊಟ ಹೊರಗೆ. ನನ್ನ ಸ್ನೇಹಿತನೊಬ್ಬ ಅಲ್ಲಿ ನುಡಿಸುತ್ತಾನೆ, ನೀವು ಬರಲೇಬೇಕು” ಎಂದರು. ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್ ಎಂಬ ಸ್ಥಳಕ್ಕೆ ಕರೆದೊಯ್ದರು. ಅಲ್ಲಿ ಬೀರನ್ನು ತಾವೇ ತಯಾರಿಸುವರೆಂದು ಬಾಗಿಲಲ್ಲಿ ತಿಳಿದು ನನ್ನ ಕಾಲು ತಡೆಯಿತು. ಒಳಗೆ ನೋಡಿದರೆ ಗೋಡೆಯ ಉದ್ದಕ್ಕೂ ಪುಸ್ತಕಗಳು! ಪುಸ್ತಕವಿರುವ ಕಡೆ ಮೇಷ್ಟರು ಕೂರಬಹುದೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು, ನಿಂಬೆಯ ಪಾನಕ ತರಿಸಿಕೊಂಡು ಕುಳಿತೆ.

ವೇದಿಕೆಯ ಮೇಲೆ ನಾಲ್ವರಿದ್ದರು. ಒಬ್ಬರದು ಪಿಯಾನೊ, ಒಬ್ಬರದು ಆಳೆತ್ತರದ ಪಿಟೀಲಿನಂಥ ಡಬಲ್ ಬಾಸ್, ಅದನ್ನು ಅವರು ಕಮಾನಿನಿಂದ ಉಜ್ಜದೆ ಬೆರಳಿನಿಂದಲೇ ಮೀಟುತ್ತಿದ್ದರು, ಒಬ್ಬರ ಸುತ್ತ ಡ್ರಂಗಳೂ ಕಂಚಿನ ತಟ್ಟೆಗಳೂ. ಅಳಿಯಂದಿರ ಸ್ನೇಹಿತರ ಕೊರಳಿನಲ್ಲಿ ಸ್ಯಾಕ್ಸೊಫೋನ್ ತೂಗುತ್ತಿತ್ತು. ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ಬಗೆಯಾಗಿ ವಿಭಾಗಿಸಿದೆಯಷ್ಟೆ. ಆ ನಾಲ್ಕೂ ಅಲ್ಲಿ ಹಾಜರಿದ್ದುವು. ಭರತಮುನಿಗೆ ಹಾಜರಿ ತೆಗೆದುಕೊಳ್ಳಲು ಕಷ್ಟವಾಗುತ್ತಿರಲಿಲ್ಲ.

ಮೊದಲ ಕಾಲು ಗಂಟೆ ನನಗೆ ತೀರ್ಥರೂಪರ ತಪ್ಪಲೆಗಳೇ ಕೇಳಿಸಿದುವು. ಅಳಿಯಂದಿರು ಮೆಲ್ಲನೆ ವಿವರಿಸಿದ ಮೇಲೆ ದಾರಿ ತೋರಿತು. ಎಲ್ಲರೂ ಕೂಡಿ ಮೊದಲು ಒಂದು ಹಾಡಿನ ಧಾತುವನ್ನು ನುಡಿಸುವರು. ಅದು ಬಹುಮಟ್ಟಿಗೆ 32 ಅಳತೆಗಳದು, ಎಂಟೆಂಟರ ನಾಲ್ಕು ಪಾದ. ಒಂದು, ಎರಡು, ನಾಲ್ಕನೆಯ ಪಾದಗಳು ಒಂದೇ ವರ್ಣಮೆಟ್ಟು, ಮೂರನೆಯದು ಮಾತ್ರ ಬೇರೆ. ಆ ಹಾಡಿನ ಕೆಳಗೆ, ಮೂರು ನಾಲ್ಕು ಸ್ವರಗಳನ್ನು ಏಕಕಾಲದಲ್ಲಿ ಹಿಡಿದ ಗುಚ್ಛಗಳು ಒಂದಾದ ಮೇಲೊಂದು ನಿಯತವಾದ ಕ್ರಮದಲ್ಲಿ ಬರುತ್ತಿರುವುವು. ಹಾಡು ಮುಗಿದ ಮೇಲೂ ಆ ಗುಚ್ಛಗಳ ಚಕ್ರ ತಿರುಗುತ್ತಲೇ ಇರುವುದು. ಅದರ ಮೇಲೆ ಒಬ್ಬೊಬ್ಬರಾಗಿ ಆ ಕ್ಷಣದಲ್ಲಿ ಹೊಳೆದುದನ್ನು ನುಡಿಸುವರು. ನಮ್ಮಲ್ಲಿ ರಾಗವು ಸ್ಥಿರ, ಅವರಲ್ಲಿ ಈ ಚಕ್ರವು ಸ್ಥಿರ. ಉಳಿದುದು ಇಬ್ಬರಿಗೂ ಮನೋಧರ್ಮವೇ. ಕಡೆಯಲ್ಲಿ ಸ್ಯಾಕ್ಸೊಫೋನಿನವರು ನಾಲ್ಕು ಅಳತೆ ಕೇಳುವುದು, ಡ್ರಂನವರು ನಾಲ್ಕು ಅಳತೆಯಲ್ಲಿ ಉತ್ತರ ಹೇಳುವುದು ನಡೆದಾಗ, ರಾಮನವಮಿಯ ಕಚೇರಿಯಲ್ಲಿ ಮೃದಂಗಕ್ಕೂ ಘಟಕ್ಕೂ ನಡೆಯುವ ಸವಾಲು ಜವಾಬು ನೆನಪಾಗಿ, ನನ್ನ ಕೈ ತಾನಾಗಿಯೇ ತೊಡೆಯ ಮೇಲೆ ತಾಳ ಹಾಕತೊಡಗಿತು. ತಾಳ ತಪ್ಪಿತೆಂಬುದು ಬೇರೆ ಮಾತು. ಅವರ ಒತ್ತು ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಬೀಳುತ್ತದೆ, ನನ್ನದು ಮೊದಲನೆಯದಕ್ಕೆ.

ಅಷ್ಟರಲ್ಲಿ ಬಡಿಸುವ ಹುಡುಗ ಬಂದನು. ಡಬಲ್ ಬಾಸಿನವರ ಸರದಿ ಆಗ. ಉಳಿದವರೆಲ್ಲ ವಾದ್ಯಗಳನ್ನು ತಗ್ಗಿಸಿದ್ದರು. ನಾನು, ಮದುವೆಯ ಮನೆಯಲ್ಲಿ ಕೇಳುವ ಕಂಠದಲ್ಲಿಯೇ, “ಏನಪ್ಪಾ, ಮೊಸರನ್ನ ಇದೆಯೋ?” ಎಂದೆ. ಹತ್ತು ಮುಖಗಳು ನನ್ನ ಕಡೆ ತಿರುಗಿದುವು. ವಾದ್ಯಗಾರರು ತಲೆಯೆತ್ತಲಿಲ್ಲ, ತಂತಿಯ ಮೇಲೆ ಇನ್ನೂ ಸ್ವಲ್ಪ ಬಾಗಿದರು, ಅಷ್ಟೆ. ಮಗಳು, “ಅಪ್ಪಾ” ಎಂದು ನನ್ನ ಕೈ ಮುಟ್ಟಿದಳು. 34 ವರ್ಷ ಮಕ್ಕಳನ್ನು “ಸದ್ದು” ಎಂದು ಗದರಿಸಿದವನು ನಾನು.

ಆ ಬಾಗಿದ ಬೆನ್ನನ್ನು ನಾನು ಮೊದಲೇ ಕಂಡಿದ್ದೆ. 2014ರಲ್ಲಿ ಇದೇ ಮಗಳ ವಿವಾಹವು ಆಲೂರಿನ ಛತ್ರವೊಂದರಲ್ಲಿ ನಡೆಯಿತು. ನಮ್ಮ ಮಲೆನಾಡಿನಲ್ಲಿ ವಾಲಗವಿಲ್ಲದೆ ಮದುವೆಯಿಲ್ಲ. ದಿಬ್ಬಣದಲ್ಲಿ ಅದಕ್ಕೆ ಹೆಜ್ಜೆ ಹಾಕದ ನೆಂಟನೂ ಇಲ್ಲ. ನಾಗಸ್ವರ ನುಡಿಸಿದ ವೃದ್ಧರ ಮೊಮ್ಮಗ ನನ್ನ ಶಿಷ್ಯ. ಮಾಂಗಲ್ಯಧಾರಣೆಯಾದ ಮೇಲೂ ಆ ಮನುಷ್ಯರು ಮೂರು ಪಂಕ್ತಿಯ ಭೋಜನ ಮುಗಿಯುವವರೆಗೆ, ಎಲೆಗಳ ಗದ್ದಲದ ನಡುವೆ, ಯಾರೂ ಕೇಳದ ಕಲ್ಯಾಣಿಯನ್ನೂ ಮೋಹನವನ್ನೂ ನುಡಿಸಿದರು. ಅವರಿಗೆ ಎಲೆ ಹಾಕಿದುದು ಹಿತ್ತಲಿನ ಕಡೆ, ನಾಲ್ಕು ಗಂಟೆಗೆ. ಪಾಯಸದ ಕೊಳದಪ್ಪಲೆಯನ್ನು ಆಗಲೇ ತೊಳೆಯಲು ಮಗುಚಿದ್ದರು. ನಾನು ಹೋಗಿ ಏನೋ ಹೇಳಹೊರಟೆ. ಅವರು, “ಇರಲಿ ಮೇಷ್ಟ್ರೇ, ಮಜ್ಜಿಗೆ ಇದ್ದರೆ ಸಾಕು” ಎಂದರು. ಬೀಗರು ಕರೆದರೆಂದು ನಾನು ಹಿಂದಿರುಗಿದೆ. ಅವರು ಈಗಿಲ್ಲ.

ವಿರಾಮದಲ್ಲಿ ಸ್ಯಾಕ್ಸೊಫೋನಿನವರು ನಮ್ಮ ಮೇಜಿಗೆ ಬಂದರು. ಮಂಗಳೂರಿನ ಕಡೆಯವರು, ಮೂವತ್ತರ ಆಸುಪಾಸಿನ ವಯಸ್ಸು. ನಾನು ಕ್ಷಮೆ ಕೇಳುವ ಮೊದಲೇ ನಕ್ಕು, “ಸಾರ್, ಮೊಸರನ್ನ ಸಿಕ್ಕಿತೇ?” ಎಂದರು. ನುಡಿಸುವ ಮೊದಲು ಉಂಡರೆ ಉಸಿರು ಸಾಲದು, ಮುಗಿದ ಮೇಲೆ ಅನೇಕ ಕಡೆಗಳಲ್ಲಿ ಒಲೆ ಆರಿರುತ್ತದೆ, ಆದ್ದರಿಂದ ಊಟವು ವಿರಾಮದಲ್ಲೇ ಎಂದು ಹೇಳಿದರು. ನನ್ನ ಮುಂದಿದ್ದ ರೊಟ್ಟಿಯ ತಟ್ಟೆಯನ್ನು ಅವರ ಕಡೆ ಸರಿಸಿದೆ. ಉಣ್ಣುತ್ತ ಅವರು ಹೇಳಿದ ಸಂಗತಿಗಳಲ್ಲಿ ಎರಡನ್ನು ಇಲ್ಲಿ ಬರೆಯುವುದು ಉಚಿತ.

ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತನು 1846ರಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯವು ಹಿತ್ತಾಳೆಯದಾದರೂ, ಅದರ ಪ್ರಾಣವಿರುವುದು ಬಾಯಲ್ಲಿ ಹಿಡಿಯುವ ಜೊಂಡಿನ ಸೀಳಿನಲ್ಲಿ. ಆ ಮಟ್ಟಿಗೆ ಅದು ನಾಗಸ್ವರದ ದಾಯಾದಿ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಜನಿಸಿದ ಕದ್ರಿ ಗೋಪಾಲನಾಥರು ನಾಗಸ್ವರದ ಮನೆತನದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡು ಮನಸೋತು, ಅದರ ರಚನೆಯಲ್ಲಿ ಮಾರ್ಪಾಡು ಮಾಡಿಸಿ, ಗಮಕಗಳನ್ನು ನುಡಿಯುವಂತೆ ಅದನ್ನು ಪಳಗಿಸಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಇವರ ವಾದನವನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿಯವರು ಜೊತೆಯಲ್ಲಿ ನುಡಿಸಲು ತಾವೇ ವೇದಿಕೆಗೆ ಬಂದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ.ಯವರ ಸಂಗೀತೋತ್ಸವದಲ್ಲಿಯೂ ಗೋಪಾಲನಾಥರು ನುಡಿಸಿದರು, 2019ರಲ್ಲಿ ದಿವಂಗತರಾದರು. ಇದಕ್ಕೆ ಪ್ರತಿಯಾಗಿ, ಬಾಸ್ಟನ್ನಿನಲ್ಲಿ ಹುಟ್ಟಿದ ಚಾರ್ಲಿ ಮಾರಿಯಾನೊ ಎಂಬ ಜಾಝ್ ಸ್ಯಾಕ್ಸೊಫೋನ್ ವಾದಕರು ನಾಗಸ್ವರವನ್ನು ಕಲಿತರು! ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿನ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿಯವರೊಡನೆ ಅವರು ನುಡಿಸಿದ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯು 1983ರಲ್ಲಿ ಹೊರಬಂದಿತು. ಇವರು ಅದನ್ನೂ ಅವರು ಇದನ್ನೂ ಮೆಚ್ಚಿ ಹೊತ್ತೊಯ್ದರೆ, ಬೇಲಿ ಎಲ್ಲಿ ಉಳಿಯಿತು?

ಎರಡನೆಯ ಸಂಗತಿ ಅಷ್ಟು ಹಿತವಾದುದಲ್ಲ. ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಕಾಟನ್ ಕ್ಲಬ್ ಎಂಬ ಭೋಜನಶಾಲೆಯಿತ್ತು. ಡ್ಯೂಕ್ ಎಲಿಂಗ್ಟನ್ನರ ವಾದ್ಯವೃಂದವು 1927ರಿಂದ 1931ರವರೆಗೆ ಅಲ್ಲಿ ನುಡಿಸಿ ಲೋಕಪ್ರಸಿದ್ಧವಾಯಿತು. ವೇದಿಕೆಯ ಮೇಲಿದ್ದವರು ನೀಗ್ರೋ ಜನರೆಂದು ಆಗ ಕರೆಯಲ್ಪಡುತ್ತಿದ್ದ ಕಪ್ಪು ಅಮೆರಿಕನರು. ಮೇಜುಗಳಲ್ಲಿ ಕುಳಿತು ಉಣ್ಣುವ ಹಕ್ಕು ಬಿಳಿಯರದು. ಆ ಸಂಗೀತವನ್ನು ಹುಟ್ಟಿಸಿದ ಜನಕ್ಕೆ ಅದನ್ನು ಕೇಳುತ್ತ ಕೂರಲು ಅಲ್ಲಿ ಸ್ಥಳವಿರಲಿಲ್ಲ. “ಎಂಥ ಅನ್ಯಾಯ!” ಎಂದು ನಾನು ಉದ್ಗರಿಸಿದೆ. ಉದ್ಗಾರವು ಬಾಯಿಂದ ಹೊರಟಿತೇ ವಿನಾ, ಮನಸ್ಸು ಆಲೂರಿನ ಛತ್ರದ ಹಿತ್ತಲಿನಲ್ಲಿತ್ತು.

ಎರಡನೆಯ ಭಾಗವನ್ನು ನಾನು ಏನನ್ನೂ ತಿನ್ನದೆ ಕೇಳಿದೆ. ಮಂದಗತಿಯ ಹಾಡೊಂದರಲ್ಲಿ ಡ್ರಂನವರು ಕೋಲುಗಳನ್ನಿಟ್ಟು ತಂತಿಯ ಕುಂಚಗಳಿಂದ ಚರ್ಮವನ್ನು ಸವರುತ್ತಿದ್ದರು. ಆಷಾಢದಲ್ಲಿ ನಮ್ಮ ಹೆಂಚಿನ ಮೇಲೆ ಹಗಲಿರುಳು ಬೀಳುವ ಜಡಿಮಳೆಯ ಸದ್ದು ಅದು. ಆ ಹಾಡಿನ ಹೆಸರು ನನಗೆ ತಿಳಿಯದು.

ಕಿರಿಯ ಮಗಳ ಲಗ್ನವು ವೈಶಾಖದಲ್ಲಿ ನಿಶ್ಚಯವಾಗಿದೆ. ವಾಲಗಕ್ಕೆ ಹೇಳಿರುವುದು ನನ್ನ ಆ ಶಿಷ್ಯನಿಗೇ. ಅವನು ಈಗ ತಾತನ ನಾಗಸ್ವರವನ್ನು ನುಡಿಸುತ್ತಾನೆ. ಊರಿಗೆ ಬಂದ ಮರುದಿನವೇ ಅಡಿಗೆಯವರನ್ನು ಕರೆಸಿ, ವಾಲಗದವರಿಗೆ ಮೊದಲನೆಯ ಪಂಕ್ತಿಯಲ್ಲಿ, ಬೀಗರ ಸಾಲಿನಲ್ಲೇ ಎಲೆ ಹಾಕಬೇಕೆಂದು ತಿಳಿಸಿದೆ. ಅವರು ತಲೆ ಕೆರೆದುಕೊಂಡು, “ಹಾಗಾದರೆ ಊಟದ ಹೊತ್ತಿಗೆ ನುಡಿಸುವವರು ಯಾರು, ಮೇಷ್ಟ್ರೇ?” ಎಂದರು.

“ಯಾರೂ ಬೇಡ” ಎಂದೆ. “ಊಟವಾದ ಮೇಲೆ ಜಮಖಾನ ಹಾಸಿ. ಎಲ್ಲರೂ ಕೂತು ಕೇಳೋಣ.”