ಬಕ್ಷೀಸು ಯಾರ ಮರ್ಜಿ?

ಸೇಡಂ, ಚಿತ್ತಾಪುರ, ವಾಡಿ ಸೀಮೆಯಲ್ಲಿ ಕೆಲಸ ಮಾಡಿಕೊಟ್ಟವರ ಕೈಗೆ ಮೆಚ್ಚಿ ಇಡುವ ಹಣಕ್ಕೆ ಇನಾಮು, ಬಕ್ಷೀಸು ಎಂಬ ಹೆಸರುಗಳುಂಟು. ಮೊದಲನೆಯದು ಅರಬ್ಬಿ, ಎರಡನೆಯದು ಪಾರಸಿ ಮೂಲದ್ದು. 1948ರವರೆಗೆ ಈ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು. ಆಗ ಸೇವೆಗಾಗಿ ಬಿಟ್ಟುಕೊಟ್ಟ ಭೂಮಿಯೂ ಇನಾಮೇ. ಎರಡಕ್ಕೂ ಕೊಡುವವರ ಮರ್ಜಿಯೇ ಆಧಾರ.

ಈಗ ಆ ಮರ್ಜಿಯನ್ನು ಬಿಲ್ಲೇ ನುಂಗುತ್ತಿದೆ. ಸಮುದ್ರಯಾನದ ವಿಹಾರ ಹಡಗುಗಳು ಇದಕ್ಕೆ ದೊಡ್ಡ ಉದಾಹರಣೆ. ತಲೆಗೆ, ದಿನಕ್ಕೆ ಇಂತಿಷ್ಟು ಡಾಲರ್ ಎಂದು ಅನೇಕ ಕಂಪನಿಗಳು ಪ್ರಯಾಣಿಕರ ಲೆಕ್ಕಕ್ಕೆ ತಾವಾಗಿಯೇ ಸೇರಿಸುತ್ತವೆ. ಇದು ಕೋಣೆ ಸ್ವಚ್ಛ ಮಾಡುವವರಿಗೆ, ಊಟ ಬಡಿಸುವವರಿಗೆ ಹಂಚುವ ಹಣ. ಬಹಾಮಾಸ್, ಪನಾಮದಂಥ ದೇಶಗಳಲ್ಲಿ ನೋಂದಣಿಯಾದ ಹಡಗುಗಳಿಗೆ ಅಮೆರಿಕದ ಕನಿಷ್ಠ ಕೂಲಿ ಕಾನೂನು ಅನ್ವಯಿಸದು. ಆದ್ದರಿಂದ ಅಲ್ಲಿ ಬಕ್ಷೀಸೇ ಗಳಿಕೆಯ ಆಸರೆ.

ನಮ್ಮ ಹೋಟೆಲುಗಳ ‘ಸರ್ವಿಸ್ ಚಾರ್ಜ್’ ಕೂಡ ಇದೇ ಜಾತಿಯದು. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಇಷ್ಟಪಟ್ಟು ಕೊಡುವ ಬಕ್ಷೀಸಿಗೆ ಅಡ್ಡಿಯಿಲ್ಲ. ಬೇಡವೆಂದರೂ ಶುಲ್ಕ ತೆಗೆಯದಿದ್ದರೆ 1915ಕ್ಕೆ ದೂರು ನೀಡಬಹುದು.

ಬಿಲ್ಲಿನ ಹಣ ಮೊದಲು ಸೇರುವುದು ಗಲ್ಲಾಪೆಟ್ಟಿಗೆಯನ್ನು. ಬಡಿಸಿದವರಿಗೆ ಎಷ್ಟು ತಲುಪಿತೆಂದು ಉಂಡವರಿಗೆ ತಿಳಿಯದು. ಕೈಗಿಟ್ಟ ಹತ್ತು ರೂಪಾಯಿಗೆ ಆ ಅನುಮಾನವಿಲ್ಲ. ಆದರೆ ಸಂಬಳ ಮಾತ್ರ ಯಾರ ಮರ್ಜಿಯೂ ಆಗಬಾರದು.