ವರ್ಷ ಎಷ್ಟಾದರೂ ಇಕಾಮಾ ಇಕಾಮಾವೇ

ಉಡುಪಿ, ಕುಂದಾಪುರ, ಭಟ್ಕಳದ ಕಡೆಯ ಮದುವೆ ಮನೆಗಳಲ್ಲಿ ರಜೆಗೆ ಬಂದ ಕುವೈತ್‌ನವರನ್ನು ಜನ ಕೇಳುವುದುಂಟು: ‘ಮೂವತ್ತು ವರ್ಷ ಆಯ್ತಲ್ಲ, ನಿಮಗೆ ಅಲ್ಲಿ ಪರ್ಮನೆಂಟ್ ಆಗಿರಬೇಕಲ್ವಾ?’ ಅಮೆರಿಕದ ಗ್ರೀನ್ ಕಾರ್ಡ್, ಯುರೋಪಿನ ಪಿಆರ್ ಬಗ್ಗೆ ಕೇಳಿ ಗೊತ್ತಿದ್ದವರಿಗೆ ಈ ಪ್ರಶ್ನೆ ಸಹಜ. ಕುವೈತ್‌ನಲ್ಲಿರುವ ಹೊರದೇಶದವರಲ್ಲಿ ಭಾರತೀಯರೇ ಹೆಚ್ಚು, ಸುಮಾರು 10 ಲಕ್ಷ. ಸಾಲ್ಮಿಯಾ, ಅಬ್ಬಾಸಿಯಾ, ಫಹಾಹೀಲ್‌ಗಳಲ್ಲಿ ನಮ್ಮ ಕರಾವಳಿಯವರು ದಶಕಗಳಿಂದ ಸಂಸಾರ ಹೂಡಿದ್ದಾರೆ. ಆದರೂ ಅವರಿಗೆ ಅಲ್ಲಿರುವ ಹಕ್ಕು ಯಾವುದು, ಅದು ಎಲ್ಲಿಂದ ಬರುತ್ತದೆ ಎಂಬುದರ ಬಗ್ಗೆ ತಪ್ಪು ತಿಳಿವಳಿಕೆ ಬಹಳ.

ತಪ್ಪು ಕಲ್ಪನೆ 1: ಇಷ್ಟು ವರ್ಷ ಇದ್ದರೆ ಕಾಯಂ ವಾಸದ ಹಕ್ಕು ತಾನಾಗಿ ಬರುತ್ತದೆ

ಸತ್ಯ: ಹಾಗೆ ಬರುವುದು ಯುರೋಪಿನಲ್ಲಿ. ಅಲ್ಲಿನ ಒಕ್ಕೂಟದ ಒಂದು ದೇಶದ ಪ್ರಜೆ ಇನ್ನೊಂದು ದೇಶದಲ್ಲಿ ಸತತ ಐದು ವರ್ಷ ಕಾನೂನುಬದ್ಧವಾಗಿ ನೆಲೆಸಿದರೆ, 2004ರ ನಿರ್ದೇಶನದ ಪ್ರಕಾರ ಕಾಯಂ ವಾಸಕ್ಕೆ ಹಕ್ಕುದಾರ. ಕುವೈತ್‌ನಲ್ಲಿ ಅಂಥ ಮೆಟ್ಟಿಲೇ ಇಲ್ಲ. 1959ರ ಹಳೆಯ ವಾಸ ಕಾನೂನಿನ ಜಾಗಕ್ಕೆ ಬಂದ 2024ರ 114ನೇ ಡಿಕ್ರಿ ಕಾನೂನು ಸಾಮಾನ್ಯ ವಾಸಕ್ಕೆ ಇಟ್ಟಿರುವ ಮಿತಿ ಐದು ವರ್ಷ. ಕುವೈತಿ ಮಹಿಳೆಯರ ಮಕ್ಕಳಿಗೆ, ಆಸ್ತಿ ಉಳ್ಳವರಿಗೆ ಹತ್ತು, ಹೂಡಿಕೆದಾರರಿಗೆ ಹದಿನೈದು. ಎಲ್ಲಕ್ಕೂ ಕೊನೆಯ ದಿನಾಂಕ ಉಂಟು.

ಕೆಲಸಕ್ಕೆ ಹೋದವರ ಇಕಾಮಾ, ಅಂದರೆ ವಾಸದ ಪರವಾನಗಿ, ನಿಂತಿರುವುದು ಕೆಲಸದ ಮೇಲೆ. ನಮ್ಮವರು ‘ಶೂನ್ ವೀಸಾ’ ಎನ್ನುವ ಖಾಸಗಿ ಕಂಪನಿಗಳ 18ನೇ ನಂಬರಿನದಾಗಲಿ, ‘ಖಾದಿಂ ವೀಸಾ’ ಎನ್ನುವ ಮನೆಗೆಲಸದವರ 20ನೇ ನಂಬರಿನದಾಗಲಿ, ಕೆಲಸ ಹೋಗಿ ಬೇರೆ ಕಫೀಲ್ (ಪ್ರಾಯೋಜಕ ಮಾಲೀಕ) ಸಿಗದಿದ್ದರೆ ಊರಿನ ದಾರಿಯೇ. 2021ರ ಆರಂಭದಲ್ಲಿ ಇದು ಕಟುವಾಗಿ ಗೊತ್ತಾಯಿತು. 60 ದಾಟಿದ, ಪದವಿ ಇಲ್ಲದವರ ಕೆಲಸದ ಪರವಾನಗಿ ನವೀಕರಣವೇ ನಿಂತಿತು. ಮುಂದಿನ ವರ್ಷ 250 ದಿನಾರ್ ಶುಲ್ಕ ಮತ್ತು ಖಾಸಗಿ ಆರೋಗ್ಯ ವಿಮೆಯ ಷರತ್ತಿನ ಮೇಲೆ ಬಾಗಿಲು ತೆರೆಯಿತು, ಆಮೇಲೆ ನಿಯಮ ಇನ್ನಷ್ಟು ಸಡಿಲವಾಯಿತು. ಆದರೆ ಆ ಹೊತ್ತಿನಲ್ಲಿ ಎಷ್ಟು ದಶಕ ದುಡಿದಿದ್ದೀರಿ ಎಂಬ ಲೆಕ್ಕ ಯಾರ ನೆರವಿಗೂ ಬರಲಿಲ್ಲ.

ತಪ್ಪು ಕಲ್ಪನೆ 2: ಗಲ್ಫ್ ದೇಶಗಳ ನಡುವೆ ಮುಕ್ತ ಸಂಚಾರವಿದೆ, ಇಕಾಮಾ ಇದ್ದರೆ ಸಾಕು

ಸತ್ಯ: ಮುಕ್ತ ಸಂಚಾರ ಇರುವುದು ನಿಜ, ಆದರೆ ಅದು ಪ್ರಜೆಗಳಿಗೆ. 1981ರಲ್ಲಿ ಆರು ದೇಶಗಳು ಕಟ್ಟಿದ ಗಲ್ಫ್ ಸಹಕಾರ ಮಂಡಳಿಯ 2001ರ ಆರ್ಥಿಕ ಒಪ್ಪಂದ ಮತ್ತು 2008ರ ಜನವರಿ 1ರಂದು ಜಾರಿಗೆ ಬಂದ ಸಾಮಾನ್ಯ ಮಾರುಕಟ್ಟೆಯ ಅಡಿಯಲ್ಲಿ ಸೌದಿ, ಒಮಾನ್ ಅಥವಾ ಬಹ್ರೇನ್‌ನ ಪ್ರಜೆ ತನ್ನ ಗುರುತಿನ ಚೀಟಿ ತೋರಿಸಿ ಕುವೈತ್‌ಗೆ ಬರಬಹುದು, ನೆಲೆಸಬಹುದು, ಕೆಲಸ ಮಾಡಬಹುದು, ಮನೆ ಕೊಳ್ಳಬಹುದು. ಅವರಿಗೆ ಕಫೀಲ್ ಬೇಡ, ಯುರೋಪಿನಂತೆ ಐದು ವರ್ಷ ಕಾಯುವುದೂ ಬೇಡ. ಮೊದಲ ದಿನದಿಂದಲೇ ಹಕ್ಕು.

ಆ ಹಕ್ಕು ಕೂಡ ಸರ್ಕಾರಗಳ ಸ್ನೇಹಕ್ಕೆ ಕಟ್ಟುಬಿದ್ದಿದೆ. 2017ರ ಜೂನ್‌ನಲ್ಲಿ ಸೌದಿ, ಎಮಿರೇಟ್ಸ್, ಬಹ್ರೇನ್ ಕತಾರ್ ಜೊತೆಗಿನ ಸಂಬಂಧ ಕಡಿದುಕೊಂಡಾಗ, ಆ ದೇಶಗಳಲ್ಲಿದ್ದ ಕತಾರಿಗಳಿಗೆ ಹೊರಡಲು ಸಿಕ್ಕಿದ್ದು 14 ದಿನ. ಕುವೈತ್ ಮಧ್ಯಸ್ಥಿಕೆ ವಹಿಸಿದ ಆ ಜಗಳ ತಣ್ಣಗಾಗಿದ್ದು 2021ರ ಜನವರಿಯಲ್ಲಿ.

ದುಬೈ ಇಕಾಮಾ ಇರುವ ಮಂಗಳೂರಿಗನಿಗೆ 2025ರ ಆಗಸ್ಟ್‌ನಿಂದ ಕುವೈತ್ ವಿಮಾನ ನಿಲ್ದಾಣದಲ್ಲೇ ವೀಸಾ ಸಿಗುತ್ತದೆ, ಇಕಾಮಾಕ್ಕೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಅದು ಪ್ರವಾಸಿ ವೀಸಾ. ಅದರ ಮೇಲೆ ಕೆಲಸ ಮಾಡುವಂತಿಲ್ಲ, ನೆಲೆಸುವಂತಿಲ್ಲ.

ತಪ್ಪು ಕಲ್ಪನೆ 3: ಅಲ್ಲೇ ಹುಟ್ಟಿದ ಮಕ್ಕಳಿಗೆ ಅಲ್ಲಿನ ಹಕ್ಕು ಇದ್ದೇ ಇರುತ್ತದೆ

ಸತ್ಯ: ಕುವೈತ್‌ನ 1959ರ ಪೌರತ್ವ ಕಾನೂನು ನೋಡುವುದು ತಂದೆಯ ಪೌರತ್ವವನ್ನು, ಹುಟ್ಟಿದ ಊರು ಲೆಕ್ಕಕ್ಕಿಲ್ಲ. ತಲೆಮಾರುಗಳಿಂದ ಅಲ್ಲೇ ಇರುವ ಬಿದೂನ್ ಜನ ಇಂದಿಗೂ ಯಾವ ದೇಶದ ಪ್ರಜೆಗಳೂ ಅಲ್ಲದೆ ಉಳಿದಿರುವುದನ್ನು ನೆನೆದರೆ ಇದರ ಬಿಗಿ ಅರ್ಥವಾದೀತು. ನಮ್ಮ ಮಕ್ಕಳು ಅಲ್ಲಿರುವುದು ಅಪ್ಪನ ಅಥವಾ ಅಮ್ಮನ ಇಕಾಮಾದ ನೆರಳಿನಲ್ಲಿ, 22ನೇ ನಂಬರಿನ ಕುಟುಂಬ ವೀಸಾದ ಮೇಲೆ. ದೊಡ್ಡವರಾದ ಮೇಲೆ ಅವರೂ ತಮ್ಮದೇ ಕೆಲಸದ ವೀಸಾ ಹುಡುಕಿಕೊಳ್ಳಬೇಕು.

ಮಗು ಹುಟ್ಟಿದಾಗ ಅಲ್ಲಿನ ಇಕಾಮಾ ಮಾಡಿಸುವ ಗಡಿಬಿಡಿಯಲ್ಲಿ ಭಾರತದ ಕೆಲಸ ಹಿಂದೆ ಬೀಳಬಾರದು. ನಮ್ಮ ಪೌರತ್ವ ಕಾಯ್ದೆಯ ಪ್ರಕಾರ ವಿದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ. ಇನ್ನು ಒಸಿಐ ಕಾರ್ಡ್ ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ. ಕುವೈತ್‌ನಲ್ಲಿ ಎಷ್ಟು ವರ್ಷ ಇದ್ದರೂ ಭಾರತದ ಪಾಸ್‌ಪೋರ್ಟೇ ಕೈಲಿದ್ದವರಿಗೆ ಅದರ ಅಗತ್ಯವಿಲ್ಲ.

ತಪ್ಪು ಕಲ್ಪನೆ 4: ಇಕಾಮಾ ಎರಡು ವರ್ಷಕ್ಕೆ ಇದ್ದರೆ ಅಷ್ಟು ದಿನ ಊರಲ್ಲಿ ಆರಾಮಾಗಿರಬಹುದು

ಸತ್ಯ: ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಇಕಾಮಾ ಸಾಮಾನ್ಯವಾಗಿ ರದ್ದಾಗುತ್ತದೆ. ಮನೆಗೆಲಸದವರಿಗೆ 2024ರ ಹೊಸ ಕಾನೂನು ಕೊಟ್ಟಿರುವುದು ನಾಲ್ಕೇ ತಿಂಗಳು. ಯುರೋಪಿನಲ್ಲಿ ಒಮ್ಮೆ ಸಿಕ್ಕ ಕಾಯಂ ಹಕ್ಕು ಸತತ ಎರಡು ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ಮಾತ್ರ ಹೋಗುತ್ತದೆ. ಕುವೈತ್‌ನಲ್ಲಿ ಹೊರಡುವುದಕ್ಕೂ ಒಪ್ಪಿಗೆ ಬೇಕು: 2025ರ ಜುಲೈ 1ರಿಂದ 18ನೇ ನಂಬರಿನ ವೀಸಾದವರು ಸರ್ಕಾರದ ಸಹೆಲ್ ಆ್ಯಪ್ ಮೂಲಕ ಕಂಪನಿಯ ಅನುಮತಿ ಪಡೆದೇ ವಿಮಾನ ಹತ್ತಬೇಕು.

ತಪ್ಪು ಕಲ್ಪನೆ 5: ಗಲ್ಫ್‌ನಲ್ಲಿ ಈಗ ಎಲ್ಲೆಡೆ ಗೋಲ್ಡನ್ ವೀಸಾ ಬಂದಿದೆ

ಸತ್ಯ: ಎಮಿರೇಟ್ಸ್ ಗೋಲ್ಡನ್ ವೀಸಾ ಮತ್ತು ಸೌದಿ ಪ್ರೀಮಿಯಂ ವಾಸ 2019ರಲ್ಲಿ ಬಂದವು, ಬಹ್ರೇನ್ 2022ರಲ್ಲಿ ಸೇರಿಕೊಂಡಿತು. ಇವೆಲ್ಲ ಹೆಚ್ಚಾಗಿ ಹಣ, ಆಸ್ತಿ, ವಿಶೇಷ ಪರಿಣತಿ ಇದ್ದವರಿಗೆ. ವಾಸದ ವರ್ಷಗಳಿಗೆ ಬೆಲೆ ಕೊಟ್ಟಿದ್ದು ಕತಾರ್‌ನ 2018ರ ಕಾನೂನು: 20 ವರ್ಷ ಇದ್ದವರು ಅರ್ಜಿ ಹಾಕಬಹುದು, ಆದರೆ ವರ್ಷಕ್ಕೆ 100 ಜನರಿಗೆ ಮಾತ್ರ ಎಂಬ ಮಿತಿ ಇಟ್ಟಿತು. ಕುವೈತ್‌ನ ಹೂಡಿಕೆದಾರರ 15 ವರ್ಷವೂ ಇದೇ ಸಾಲಿನದು. ಅಂಗಡಿಯಲ್ಲಿ, ಅಡುಗೆಮನೆಯಲ್ಲಿ, ವರ್ಕ್‌ಶಾಪಿನಲ್ಲಿ ದುಡಿಯುವವರಿಗೆ ಇದರಿಂದ ಏನೂ ಬದಲಾಗಿಲ್ಲ.

ತಪ್ಪು ಕಲ್ಪನೆ 6: ಹಕ್ಕು ಸಿಗದಿದ್ದರೂ ವರ್ಷ ಹೆಚ್ಚಾದಷ್ಟೂ ಕೊನೆಯ ಲೆಕ್ಕ ಬೆಳೆಯುತ್ತಲೇ ಇರುತ್ತದೆ

ಸತ್ಯ: ಖಾಸಗಿ ಕೆಲಸದವರಿಗೆ 2010ರ 6ನೇ ಕಾರ್ಮಿಕ ಕಾನೂನಿನ ಪ್ರಕಾರ ತಿಂಗಳ ಸಂಬಳದವರಿಗೆ ಮೊದಲ ಐದು ವರ್ಷಕ್ಕೆ ತಲಾ 15 ದಿನದ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ ಸೇವಾಂತ್ಯದ ಹಣವಾಗಿ ಸಿಗುತ್ತದೆ. ಆದರೆ ಒಟ್ಟು ಮೊತ್ತ ಒಂದೂವರೆ ವರ್ಷದ ಸಂಬಳ ದಾಟುವಂತಿಲ್ಲ. ಕೂಡಿಸಿ ನೋಡಿದರೆ ಸುಮಾರು 20 ವರ್ಷಕ್ಕೇ ಆ ಮಿತಿ ಮುಟ್ಟುತ್ತದೆ. ಸಂಬಳ ಏರಿದರೆ ಮಾತ್ರ ಮೊತ್ತ ಏರೀತು. ಮೂವತ್ತು ವರ್ಷ ದುಡಿದವರ ಕೊನೆಯ ಹತ್ತು ವರ್ಷವನ್ನು ಕಾನೂನು ಎಣಿಸುವುದೇ ಇಲ್ಲ. ಹಾಗಾಗಿ ಕುವೈತ್‌ನಲ್ಲಿರುವ ಮನೆಯವರು ಲೆಕ್ಕ ಹಾಕಬೇಕಾದದ್ದು ಎಷ್ಟು ವರ್ಷ ಕಳೆಯಿತು ಎಂದಲ್ಲ. ಮುಂದಿನ ನವೀಕರಣ ಆಗದಿದ್ದರೆ ಊರಲ್ಲಿ ಎಷ್ಟು ವರ್ಷ ನಡೆಸಬಲ್ಲೆವು ಎಂದು.