ಹೆಸರು ಒಂದೇ, ಫೋಟೋ ಒಂದೇ ಅಲ್ಲ!

ನಿಮ್ಮ ಮನೆಯ ಕಂಪ್ಯೂಟರೂ ಜಾಗವಿಲ್ಲ ಅಂತ ಗೋಳಾಡುತ್ತಿದೆಯೇ? ನಮ್ಮದೂ ಹಾಗೇ ಆಗಿತ್ತು. ಕ್ಯಾಮೆರಾದಿಂದ ಒಮ್ಮೆ, ಭದ್ರವಾಗಿರಲೆಂದು ಇನ್ನೊಮ್ಮೆ, ಮಗಳು ಬಂದಾಗ ಮತ್ತೊಮ್ಮೆ ಇಳಿಸಿ, ಎಲ್ಲಿ ನೋಡಿದರೂ ಅದೇ ಫೋಟೋಗಳು!

ಒಂದು ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿಸಿ, ಒಂದೇ ಹೆಸರು ಕಂಡಲ್ಲೆಲ್ಲ ಒಂದನ್ನು ಅಳಿಸೋಣ ಅಂತ ಕೂತೆ. ಪುಣ್ಯಕ್ಕೆ ಒಂದು ಜೋಡಿಯನ್ನು ತೆರೆದು ನೋಡಿದೆ. ಒಂದರಲ್ಲಿ ಜಾತ್ರೆಯ ತೇರು. ಇನ್ನೊಂದರಲ್ಲಿ, ಈಗಿಲ್ಲದ ನಮ್ಮತ್ತೆಯವರು ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಾರೆ! ಎದೆ ಧಸಕ್ಕೆಂದಿತು. ಕ್ಯಾಮೆರಾ 9999ರವರೆಗೆ ಎಣಿಸಿ ಮತ್ತೆ 0001ರಿಂದ ಶುರು ಮಾಡುತ್ತದೆ. ಹಾಗಾಗಿ ಎರಡು ಬೇರೆ ಚಿತ್ರಗಳಿಗೂ ಒಂದೇ ಹೆಸರು ಬರಬಹುದು.

ಈ ಕೆಲಸಕ್ಕೆಂದೇ 'ಡೂಪ್‌ಗುರು' ಎಂಬ ತಂತ್ರಾಂಶವಿದೆ, ಕಾಸು ಕೊಡಬೇಕಿಲ್ಲ. ಅದರಲ್ಲಿ 'ಕಂಟೆಂಟ್ಸ್' ಎಂಬುದನ್ನು ಆರಿಸಿ. ಆಗ ಹೆಸರು ಬಿಟ್ಟು ಫೈಲಿನ ಒಳಗಿರುವುದನ್ನೇ ಹೋಲಿಸುತ್ತದೆ. ಉಳಿಯಲೇಬೇಕಾದ ಫೋಲ್ಡರನ್ನು 'ರೆಫರೆನ್ಸ್' ಎಂದು ಗುರುತಿಸಿಡಿ. ಅದರಲ್ಲಿನ ಒಂದನ್ನೂ ಅಳಿಸಗೊಡುವುದಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋ ಸಾಮಾನ್ಯವಾಗಿ ಕುಗ್ಗಿರುವುದರಿಂದ ಹೀಗೆ ಸಿಕ್ಕುವುದಿಲ್ಲ. ಅದಕ್ಕೆ 'ಪಿಕ್ಚರ್' ವಿಧಾನ ಬೇಕು. ಆದರೆ ಹುಷಾರು! ಮಗು ಕಣ್ಣು ಮುಚ್ಚಿದ್ದು, ತೆರೆದದ್ದು ಎರಡನ್ನೂ ಅದು ಜೋಡಿ ಅಂದುಬಿಡಬಹುದು. ಅಲ್ಲಿ ಒಂದೊಂದನ್ನೂ ನೀವೇ ನೋಡಿ.

ಅಳಿಸಿದ್ದನ್ನು ಮೊದಲು ರೀಸೈಕಲ್ ಬಿನ್ನಿಗೇ ಕಳಿಸಿ. ಅದನ್ನು ಖಾಲಿ ಮಾಡಿದ ಮೇಲೇ ಜಾಗ ಸಿಗುವುದು, ನಿಜ. ಆದರೂ ನಾನು ಹದಿನೈದು ದಿನ ಮುಟ್ಟಲಿಲ್ಲ. ಮಗ ನಕ್ಕ, ನಗಲಿ ಬಿಡಿ.